ಇಪ್ಪತ್ತೆರಡು ನೋಟ್‌ಬುಕ್ಕು, ಒಂದೇ ತಪ್ಪು

ಮೊದಲನೇ ನೋಟ್‌ಬುಕ್ಕಿನಲ್ಲಿ ಉತ್ತರ 143 ಎಂದಿತ್ತು. ತಪ್ಪು. ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆದು ಎರಡನೆಯದನ್ನು ತೆಗೆದೆ. ಅದರಲ್ಲೂ 143. ಮೂರನೆಯದರಲ್ಲೂ ಅದೇ. ನಮ್ಮ ಶಾಲೆ ಹೊಂಗನೂರಿನಿಂದ ಆಚೆಗಿನ ಒಂದು ಹಳ್ಳಿಯಲ್ಲಿದೆ, ನನ್ನ ಮನೆ ಚನ್ನಪಟ್ಟಣದಲ್ಲಿ. ಸಂಜೆಯ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ತೊಡೆಯ ಮೇಲಿನ ಚೀಲವನ್ನೇ ಮೇಜು ಮಾಡಿಕೊಂಡು ಹೋಮ್‌ವರ್ಕ್ ತಿದ್ದುವುದು ನನ್ನ ರೂಢಿ. ಅವತ್ತು ಊರು ತಲುಪುವಷ್ಟರಲ್ಲಿ ಒಂಬತ್ತನೇ ತರಗತಿಯ ಇಪ್ಪತ್ತೆರಡು ಪುಸ್ತಕವೂ ಮುಗಿದವು. ಇಪ್ಪತ್ತೆರಡರಲ್ಲೂ 143. ಒಬ್ಬರಾದರೂ ಅಪ್ಪಿತಪ್ಪಿ 140 ಎಂದೋ 150 ಎಂದೋ ಬರೆದಿದ್ದರೆ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

ಸಮಸ್ಯೆ ಅಂಥ ಕಷ್ಟದ್ದೇನಲ್ಲ. ನಾಲ್ಕು ಬದಿಯ ಒಂದು ಹೊಲ. ಬದಿಗಳು ಸಾಲಾಗಿ 13, 14, 9, 12 ಮೀಟರ್. ಮೊದಲ ಮೂಲೆಯಿಂದ ಎದುರು ಮೂಲೆಗೆ ಎಳೆದ ಕರ್ಣ 15 ಮೀಟರ್. ವಿಸ್ತೀರ್ಣ ಎಷ್ಟು? ಕರ್ಣ ಆ ಹೊಲವನ್ನು ಎರಡು ತ್ರಿಭುಜವಾಗಿ ಸೀಳುತ್ತದೆ. ಒಂದರ ಬದಿಗಳು 13, 14, 15. ಹೆರಾನನ ಸೂತ್ರ ಹಾಕಿದರೆ 84 ಬರುತ್ತದೆ. ಇನ್ನೊಂದರ ಬದಿಗಳು 9, 12, 15, ಅದು 54. ಎರಡೂ ಕೂಡಿದರೆ 138. ಮಕ್ಕಳ ಪುಸ್ತಕದಲ್ಲಿ ಮೇಲೆ ಸೂತ್ರ ಮುತ್ತು ಪೋಣಿಸಿದ ಹಾಗೆ ಬರೆದಿತ್ತು. ಕೆಳಗೆ 143 ಚದರ ಮೀಟರ್ ಎಂದು ಬರೆದು ಎರಡು ಗೆರೆ ಹೊಡೆದಿತ್ತು. ನಡುವೆ ಏನೂ ಇರಲಿಲ್ಲ.

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವಳು ಹೇಳುತ್ತಾಳೆ. ಸುಳ್ಳಲ್ಲ. ಹೋಮ್‌ವರ್ಕಿನ ವಿಷಯಕ್ಕೆ ಬಂದರಂತೂ ನಾನು ಮಹಾ ಶಿಸ್ತಿನವನು. ದಿನಕ್ಕೆ ಮೂರೇ ಲೆಕ್ಕ ಕೊಡುತ್ತೇನೆ, ಮೂರನ್ನೂ ಮನೆಯಲ್ಲೇ ಮಾಡಿಕೊಂಡು ಬರಬೇಕು. ಮೂರು ವರ್ಷದಿಂದ ಈ ಊರಿನ ಮಕ್ಕಳು ಒಂದು ದಿನವೂ ತಪ್ಪಿಸಿರಲಿಲ್ಲ. ಬೇರೆ ಶಾಲೆಯ ಮೇಷ್ಟ್ರುಗಳು ಸಿಕ್ಕಾಗ ಈ ಮಾತನ್ನು ನಾನಾಗಿಯೇ ಎತ್ತಿ, ಅದಕ್ಕೆಲ್ಲ ಪಾಠ ಮಾಡುವ ಕ್ರಮ ಇರಬೇಕು ಕಣ್ರೀ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಅಂಥವನ ಮಕ್ಕಳು ಸಾಮೂಹಿಕವಾಗಿ ಕಾಪಿ ಹೊಡೆಯುವುದೇ! ತರಗತಿಯ ಲೀಡರ್ ಹುಡುಗಿಯ ಪುಸ್ತಕ ಮೇಲೇ ಇತ್ತು. ಅದರಲ್ಲಿ ಆ 143ರ ಕೆಳಗೆ ಕೆಂಪು ಅಕ್ಷರದಲ್ಲಿ ದೊಡ್ಡದಾಗಿ ಬರೆದೆ: "ಇದನ್ನು ಹೇಳಿಕೊಟ್ಟ ಪುಣ್ಯಾತ್ಮರು ಯಾರು?"

ಮಾರನೇ ದಿನ ಎಲ್ಲರನ್ನೂ ನಿಲ್ಲಿಸಿ ವಿಚಾರಣೆ ನಡೆಸಿದೆ. ಯಾರು ಯಾರದನ್ನು ನೋಡಿ ಬರೆದಿರಿ ಎಂದು ಕೇಳಿದರೆ ಎಲ್ಲರೂ ಲೀಡರ್ ಹುಡುಗಿಯ ಕಡೆ ತಿರುಗಿದರು. ಅವಳು, ನೋಡಿ ಬರೀಲಿಲ್ಲ ಸಾ, ಎಲ್ರೂ ಒಟ್ಟಿಗೆ ಮಾಡಿದ್ವಿ, ಅಜ್ಜಿ ಹೇಳಿಕೊಡ್ತು ಎಂದಳು. ನಾನು ಅಲ್ಲಿಗೇ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. "ಹಂಗಾದರೆ ನಿಮ್ಮ ಅಜ್ಜಿಯನ್ನು ಕರಕೊಂಡು ಬಾ, ಒಂದನೇ ಕ್ಲಾಸಿಗೆ ಸೇರಿಸೋಣ" ಎಂದುಬಿಟ್ಟೆ. ಹಿಂದಿನ ಬೆಂಚಿನವರೂ ನಗಲಿಲ್ಲ. ಆಗಲಾದರೂ ನನಗೆ ಹೊಳೆಯಬೇಕಿತ್ತು.

ಆಮೇಲಿನ ಸೋಮವಾರ ಮೇಜಿನ ಮೇಲೆ ಮೂರು ನೋಟ್‌ಬುಕ್ ಬಂದವು. ಮಂಗಳವಾರ ನಾಲ್ಕು. ಬುಧವಾರ ಮತ್ತೆ ಮೂರು, ಅದರಲ್ಲೂ ಒಂದು ಖಾಲಿ. ಬೆದರಿಸಿದೆ, ಬೆಂಚಿನ ಮೇಲೆ ನಿಲ್ಲಿಸಿದೆ, ಪುಸಲಾಯಿಸಿದೆ. ಏನೂ ಉಪಯೋಗವಾಗಲಿಲ್ಲ. ರೇಖಾಗಣಿತ ಹಾಳಾಗಲಿ, ಬೀಜಗಣಿತವಾದರೂ ಮಾಡಲಿ ಎಂದು ಸುಲಭದ್ದೊಂದನ್ನು ಬೋರ್ಡಿನ ಮೇಲೆ ಬರೆದೆ: 2x + 5 = 45. ಹಿಂದಿನ ವರ್ಷ ಕಣ್ಣು ಮುಚ್ಚಿಕೊಂಡು ಮಾಡುತ್ತಿದ್ದವರು ಈಗ ನನ್ನ ಮುಖ ನೋಡುತ್ತಿದ್ದರು. ಕೊನೆಗೆ ಒಬ್ಬ ಎದ್ದು, ಸಾ, ಎಕ್ಸ್ ಅಂದ್ರೆ ಮುಚ್ಚಿದ ಮಂಕರಿ ತಾನೆ ಎಂದ. ಮಂಕರಿ ಎಂದರೆ ಸೊಪ್ಪು ತುಂಬುವ ಬುಟ್ಟಿ, ಅದಕ್ಕೂ ಎಕ್ಸ್‌ಗೂ ಏನು ಸಂಬಂಧ ಎಂದು ನನಗೆ ಅರ್ಥವಾಗಲಿಲ್ಲ, ಬಿಡಿಸಿ ಹೇಳು ಎಂದೆ. ಎರಡು ಮುಚ್ಚಿದ ಮಂಕರಿ ಸೊಪ್ಪು, ಜೊತೆಗೆ ಐದು ಕೆ.ಜಿ. ಬಿಡಿ ಸೊಪ್ಪು, ಒಟ್ಟು ನಲವತ್ತೈದು. ಬಿಡಿ ಸೊಪ್ಪನ್ನು ಮೊದಲು ಆಚೆ ಇಡಬೇಕು. ಉಳಿದ ನಲವತ್ತನ್ನು ಎರಡು ಮಂಕರಿಗೆ ಸಮ ಹಂಚಬೇಕು. ಒಂದು ಮಂಕರಿಗೆ ಇಪ್ಪತ್ತು. ಆಗ ಮುಚ್ಚಳ ತೆಗೆಯಬಹುದು.

ಹದಿನೆಂಟು ವರ್ಷದಿಂದ ಗಣಿತ ಹೇಳುತ್ತಿದ್ದೇನೆ. ಇಷ್ಟು ಚೆನ್ನಾಗಿ ನಾನು ಒಂದು ದಿನವೂ ಹೇಳಿರಲಿಲ್ಲ. ಇದನ್ನು ಯಾರು ಹೇಳಿಕೊಟ್ಟರು ಎಂದು ಕೇಳಿದೆ. ಈ ಸಲ ನನ್ನ ದನಿ ತಗ್ಗಿತ್ತು.

ಊಟದ ಬಿಡುವಿನಲ್ಲಿ ಲೀಡರ್ ಹುಡುಗಿಯನ್ನು ಕರೆದು ಕೂರಿಸಿಕೊಂಡ ಮೇಲೆ ಸಂಗತಿ ಹೊರಬಿತ್ತು. ಅವಳ ಅಜ್ಜಿಗೆ ಊರಿನಲ್ಲಿ ಅಳತೆಯಮ್ಮ ಎಂದೇ ಹೆಸರು. ಓದಿದ್ದು ಏಳನೇ ಕ್ಲಾಸು. ಕಳೆ ಕೀಳುವುದಕ್ಕೋ ಹಿಪ್ಪುನೇರಳೆ ಕಡ್ಡಿ ಕತ್ತರಿಸುವುದಕ್ಕೋ ಆಳು ಬೇಕಾದರೆ ಜಮೀನಿನವರು ಅವರನ್ನು ಕರೆಯುತ್ತಾರೆ. ಹಗ್ಗ ಹಿಡಿದು ನಾಲ್ಕು ಬದಿ ಅಳೆದು, ಬಾಯಲ್ಲೇ ಲೆಕ್ಕ ಹಾಕಿ, ಇಷ್ಟು ಗುಂಟೆ ಐತೆ, ಇಷ್ಟು ಜನ ಸಾಕು ಎನ್ನುತ್ತಾರೆ. ಆ ಮಾತಿಗೆ ಊರಿನಲ್ಲಿ ಎದುರು ಮಾತಿಲ್ಲ. ಸಂಜೆ ಶಾಲೆ ಬಿಟ್ಟ ಮೇಲೆ ಅವರ ಜಗುಲಿಯ ಮೇಲೆ ಇಪ್ಪತ್ತೆರಡು ಮಕ್ಕಳೂ ಸೇರುತ್ತಿದ್ದರು. ಅಜ್ಜಿ ರೇಷ್ಮೆ ಹುಳಕ್ಕೆ ಸೊಪ್ಪು ಬಿಡಿಸುತ್ತ ಲೆಕ್ಕ ಓದಿಸಿ ಕೇಳಿ, ದಾರಿ ಹೇಳುತ್ತಿದ್ದರು. ನನ್ನ ಜಂಬದ ಮೂರು ವರ್ಷ ನಡೆದದ್ದು ಆ ಜಗುಲಿಯ ಮೇಲೆ. ಮೊಮ್ಮಗಳ ಪುಸ್ತಕದಲ್ಲಿ ನನ್ನ ಕೆಂಪು ಬರಹವನ್ನು ಅವರೇ ಓದಿದರಂತೆ. ಒಂದನೇ ಕ್ಲಾಸಿನ ಮಾತೂ ಕಿವಿಗೆ ಬಿದ್ದಿತ್ತು. ನಾಳೆಯಿಂದ ಯಾರೂ ಬರಬೇಡಿ, ನಂಗೆ ಏನೂ ಗೊತ್ತಿಲ್ಲ ಎಂದು ಜಗುಲಿ ಗುಡಿಸಿ ಒಳಗೆ ಹೋದರಂತೆ.

ನಾಚಿಕೆಯಿಂದ ಕೆಂಪು ಪೆನ್ನನ್ನು ಜೇಬಿನೊಳಕ್ಕೆ ತಳ್ಳಿದೆ. ಆದರೂ ಆ 143 ಬಂದದ್ದು ಎಲ್ಲಿಂದ ಎಂಬ ಕುತೂಹಲ ಬಿಡಲಿಲ್ಲ. ಹುಡುಗಿ ಪಟಪಟನೆ ಹೇಳಿದಳು: ಎದುರು ಬದುರಿನ ಬದಿ ಕೂಡು, ಅರ್ಧ ಮಾಡು, ಆಮೇಲೆ ಗುಣಿಸು. 13ಕ್ಕೆ 9 ಕೂಡಿದರೆ 22, ಅದರ ಅರ್ಧ 11. 14ಕ್ಕೆ 12 ಕೂಡಿದರೆ 26, ಅರ್ಧ 13. ಹನ್ನೊಂದು ಹದಿಮೂರಲೆ ನೂರಾ ನಲವತ್ತಮೂರು. ನಮ್ಮ ಕಡೆ ಹೊಲ ಅಳೆಯುವ ಹಳೇ ಪದ್ಧತಿ ಅದು. ನಮ್ಮ ತಾತನೂ ಹಾಗೇ ಅಳೆಯುತ್ತಿದ್ದರು, ನಾನು ಮರೆತಿದ್ದೆ. ಚಚ್ಚೌಕದ ಹೊಲಕ್ಕೆ, ಆಯತಕ್ಕೆ ಅದು ಕರಾರುವಾಕ್ಕಾಗಿ ಹೊಂದುತ್ತದೆ. ಅದಕ್ಕೇ ಮೂರು ವರ್ಷ ಸಿಕ್ಕಿಬಿದ್ದಿರಲಿಲ್ಲ. ಓರೆಯಾದ ಹೊಲಕ್ಕೆ ಬಂದಾಗ ಮಾತ್ರ ಒಸಿ ಹೆಚ್ಚು ತೋರಿಸುತ್ತದೆ.

ಅವತ್ತೇ ಸಂಜೆ ಅವರ ಮನೆಗೆ ಹೋದೆ. ಹುಳುಮನೆಯ ಬಾಗಿಲಲ್ಲಿ ಸುಣ್ಣದ ಪುಡಿ ಹಾಸಿತ್ತು. ಅಳತೆಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ತೋಳಿನ ತುಂಬ ಸೊಪ್ಪು ತಬ್ಬಿಕೊಂಡು ನಿಂತಿದ್ದರು. ನಾನು ಚಪ್ಪಲಿ ಬಿಟ್ಟು ಮುಂದಕ್ಕೆ ಕಾಲಿಟ್ಟೆ.

"ಅಲ್ಲೇ ನಿಂತ್ಕಳಿ ಮೇಷ್ಟ್ರೇ. ನಾಕನೇ ಜ್ವರ ಎದ್ದವೆ ಹುಳ. ಹೊರಗಿನೋರು ಒಳೀಕೆ ಬರಂಗಿಲ್ಲ."

ಹುಳ ಪೊರೆ ಬಿಡುವುದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯದು ಮುಗಿಯಿತೆಂದರೆ ಹುಳ ಮಳೆ ಹುಯ್ದ ಹಾಗೆ ಸದ್ದು ಮಾಡುತ್ತ ತಿನ್ನುತ್ತದೆ, ಮನೆಯವರಿಗೆ ಕೂರುವುದಕ್ಕೂ ಪುರುಸೊತ್ತಿರುವುದಿಲ್ಲ. ನಾನು ಬಾಗಿಲಾಚೆ ನಿಂತೇ, ಬರೆದದ್ದು ತಪ್ಪಾಯಿತು, ಮಕ್ಕಳನ್ನು ಮತ್ತೆ ಕೂರಿಸಿಕೊಳ್ಳಿ ಎಂದು ಕೇಳಿಕೊಂಡೆ. ಅವರು ಸೊಪ್ಪು ಹಾಕುತ್ತಲೇ, ಬರೆದದ್ದು ತಪ್ಪೋ, ನನ್ನ ಲೆಕ್ಕ ತಪ್ಪೋ, ಅದನ್ನು ಮೊದಲು ಹೇಳಿ ಎಂದರು. ಲೆಕ್ಕವೂ ತಪ್ಪು ಎಂದೆ. ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ಹಂಗಾದ್ರೆ ತಪ್ಪು ಹೇಳಿಕೊಡೋಳ ಹತ್ರ ಮಕ್ಕಳನ್ನ ಯಾಕೆ ಕಳಿಸ್ತೀರಿ ಎಂದು ತಿರುಗಿಯೂ ನೋಡದೆ ಕೇಳಿದರು. ನಾನು ಚಪ್ಪಲಿ ಮೆಟ್ಟಿಕೊಂಡು ಬಸ್ಸಿಗೆ ನಡೆದೆ.

ಒಂದು ವಾರ ಬಿಟ್ಟು ಹುಳ ಹಣ್ಣಾಗಿ ಚಂದ್ರಿಕೆಗೆ ಏರಿದವು. ಚಂದ್ರಿಕೆ ಎಂದರೆ ಹುಳ ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿ. ಆಗ ಮನೆಯವರಿಗೆ ನಾಲ್ಕು ದಿನ ಉಸಿರಾಡಲು ಬಿಡುವು. ಪಠ್ಯಪುಸ್ತಕ, ಟೇಪು ಎರಡನ್ನೂ ಹಿಡಿದು ಮತ್ತೆ ಹೋದೆ. ಈ ಸಲ ಜಗುಲಿಯ ಮೇಲೆ ಕೂರಿಸಿ ಕಾಫಿ ಕೊಟ್ಟರು. ನಾನು ಹೆರಾನನ ಸೂತ್ರ ಬಿಡಿಸಿದೆ: ಮೂರು ಬದಿ ಕೂಡಿ, ಅರ್ಧ ಮಾಡಿ, ಅದರಿಂದ ಒಂದೊಂದೇ ಬದಿ ಕಳೆದು, ನಾಲ್ಕು ಸಂಖ್ಯೆಯನ್ನೂ ಗುಣಿಸಿ, ವರ್ಗಮೂಲ ತೆಗೆಯಬೇಕು. ಅವರು ಪೂರ್ತಿ ಕೇಳಿದರು. ಕೊನೆಗೆ, ಇಷ್ಟುದ್ದ ಸುತ್ತಿ ಬಂದಿರಿ, ದಾರಿಯಲ್ಲಿ ನಂಗೆ ಹೊಲವೇ ಕಾಣಲಿಲ್ಲ ಎಂದರು.

ಸರಿ, ನಿಜವಾದ ಜಾಗವನ್ನೇ ಅಳೆಯೋಣ ಎಂದು ಶಾಲೆಯ ಹಿಂದಿನ ಕೈತೋಟಕ್ಕೆ ಕರೆದುಕೊಂಡು ಹೋದೆ. ಅದು ಓರೆಕೋರೆ ಜಾಗ. ಅವರು ಹಗ್ಗ ಹಿಡಿದರು, ನಾನು ಟೇಪು ಹಿಡಿದೆ. ಬದಿಗಳ ಅಳತೆ ಇಬ್ಬರದೂ ಒಂದೇ ಬಂತು, ವಿಸ್ತೀರ್ಣ ಮಾತ್ರ ಬೇರೆ ಬೇರೆ ಬಂತು. ಮೂಲಂಗಿ ಪಾತಿಯ ನಡುವೆ ನಿಂತು ಅರ್ಧ ಗಂಟೆ ವಾದ ಮಾಡಿದೆವು. ಮಕ್ಕಳು ಕಾಂಪೌಂಡಿನ ಮೇಲೆ ಸಾಲಾಗಿ ಕೂತು ಕಬಡ್ಡಿ ನೋಡುವ ಹಾಗೆ ನೋಡುತ್ತಿದ್ದರು.

"ನಿಮ್ಮ ಪುಸ್ತಕ ಅಂಗಂತದೆ, ನಮ್ಮಪ್ಪ ಇಂಗಂದಿದ್ದ. ನಾಕೂ ಬದಿ ಅಳೆದಾಯ್ತಲ್ಲ ಮೇಷ್ಟ್ರೇ, ಆ ಹೊಲದಾಗೆ ಅಳೆಯಾಕೆ ಇನ್ನೇನೈತೆ?"

ಅದೇ ಪ್ರಶ್ನೆ ಬಸ್ಸಿನಲ್ಲೂ ನನ್ನ ತಲೆಯಲ್ಲಿ ಕೂತಿತ್ತು. ಆಕೆ ಕೇಳಿದ್ದು ನ್ಯಾಯವಾಗಿತ್ತು. ಕರ್ಣ ಯಾಕೆ ಬೇಕು ಎಂದು ನಾನು ಯಾವ ತರಗತಿಯಲ್ಲೂ ಹೇಳಿದವನಲ್ಲ. ಪುಸ್ತಕದಲ್ಲಿ ಕೊಟ್ಟಿದ್ದಾರೆ, ಹಾಕಿಕೊಳ್ಳಿ ಎನ್ನುತ್ತಿದ್ದೆ, ಅಷ್ಟೆ. ಸೂತ್ರವನ್ನು ಇನ್ನು ಬಾಯಿಗೆ ತರುವುದಿಲ್ಲ, ಕಣ್ಣಿಗೆ ಕಾಣುವ ಹಾಗೆ ತೋರಿಸಲಾಗದಿದ್ದರೆ ಸೋತೆ ಎಂದು ಒಪ್ಪಿಕೊಂಡು ಬರುತ್ತೇನೆ ಎಂದು ಅಲ್ಲೇ ತೀರ್ಮಾನ ಮಾಡಿದೆ.

ಗೂಡು ಬಿಡಿಸುವ ದಿನ ಭಾನುವಾರ ಬಂತು. ನಾನು ನಾಲ್ಕು ಬಿದಿರು ಕಡ್ಡಿಯನ್ನು ಲೆಕ್ಕದ ಅಳತೆಗೆ ಸರಿಯಾಗಿ, ಒಂದು ಮೀಟರಿಗೆ ಹತ್ತು ಸೆಂಟಿಮೀಟರಿನಂತೆ ಕತ್ತರಿಸಿ, ತುದಿಗಳನ್ನು ಸುತಲಿಯಿಂದ ಕಟ್ಟಿ, ಮಡಚಿ ಬಗಲಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಕಂಡಕ್ಟರ್, ಏನ್ ಮೇಷ್ಟ್ರೇ, ಭಾನುವಾರವೂ ಹೊಡೆಯೋಕೆ ಹೊರಟ್ರಾ ಎಂದು ನಕ್ಕ.

ಜಗುಲಿಯ ಮೇಲೆ ಗೂಡಿನ ರಾಶಿ ಇತ್ತು. ಬೆಳಗಾದರೆ ರಾಮನಗರದ ಮಾರ್ಕೆಟ್ಟಿಗೆ ಹೋಗಬೇಕಾದ ಮಾಲು. ಗೂಡು ಬಿಡಿಸಲು ಬಂದಿದ್ದ ಹೆಂಗಸರು ಸುತ್ತ ಕೂತಿದ್ದರು, ಮಕ್ಕಳೂ ಇದ್ದರು. ನಾನು ಕಡ್ಡಿಯ ಚೌಕಟ್ಟನ್ನು ಒಂದು ಹಳೇ ಸೀರೆಯ ಮೇಲೆ ಬಿಡಿಸಿಟ್ಟು, ಇದೇ ಆ ಹೊಲ, ಇದರ ತುಂಬ ಒಂದೇ ಪದರ ಗೂಡು ಹರಡಿ ಎಂದೆ. ಅಳತೆಯಮ್ಮ ಅನುಮಾನದಿಂದ ನೋಡಿದರು, ಆದರೂ ಎರಡು ಮೊರ ಗೂಡು ತಂದು ಸುರಿದು ಅಂಗೈಯಿಂದ ಸವರಿದರು. ಚೌಕಟ್ಟು ಅಂಚಿನವರೆಗೂ ತುಂಬಿತು. ಈಗ ಈ ಮೂಲೆಯನ್ನು ಮೆಲ್ಲಗೆ ಆ ಕಡೆ ತಳ್ಳಿ ಎಂದೆ.

ಅವರು ತಳ್ಳಿದರು. ಸುತಲಿಯ ಗಂಟು ತಿರುಗಿ ಚೌಕಟ್ಟು ಓರೆಯಾಯಿತು. ಗೂಡುಗಳು ಒಂದರ ಮೇಲೊಂದು ಹತ್ತಿದವು. ಇನ್ನೊಂದಿಷ್ಟು ತಳ್ಳಿದಾಗ ಕಡ್ಡಿ ದಾಟಿ ಹೊರಕ್ಕೆ ಉರುಳಿದವು. ನಾಲ್ಕೈದು ಜಗುಲಿಯಿಂದ ಕೆಳಕ್ಕೂ ಬಿದ್ದವು, ಮಕ್ಕಳು ಓಡಿ ಹೆಕ್ಕಿಕೊಂಡು ಬಂದರು. ಅಳತೆಯಮ್ಮ ತಳ್ಳುವುದನ್ನು ನಿಲ್ಲಿಸಲಿಲ್ಲ. ಉದ್ದನೆಯ ಎರಡು ಕಡ್ಡಿ ಹತ್ತಿರ ಹತ್ತಿರ ಬಂದು, ನಡುವಿನ ಸಂದಿಯಲ್ಲಿ ಒಂದಿಷ್ಟೇ ಗೂಡು ಉಳಿಯುವವರೆಗೂ ತಳ್ಳಿದರು. ಆಮೇಲೆ ಸುಮ್ಮನೆ ಕೂತು ಅದನ್ನೇ ನೋಡಿದರು.

"ಕಡ್ಡಿ ಅವೇ ನಾಕು. ನನ್ನ ಲೆಕ್ಕ ಇನ್ನೂವೆ ನೂರಾ ನಲವತ್ಮೂರು ಅಂತೈತೆ. ಗೂಡು ಮಾತ್ರ ಬೀದೀಲಿ ಅವೆ."

ಹಾಗೆಂದು ಅವರು ನಕ್ಕ ನಗು ಈಗಲೂ ನನ್ನ ಕಿವಿಯಲ್ಲಿದೆ. ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ನಕ್ಕಿದ್ದು ನೋಡಿ ಹೆಂಗಸರು ನಕ್ಕರು, ಮಕ್ಕಳು ನಕ್ಕರು, ನಾನೂ ನಕ್ಕೆ. ಎರಡು ವಾರದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಕಡುಬು ಇಳಿದ ಹಾಗಾಯಿತು.

ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಅವರಿಗೆ ಮುಗಿದಿರಲಿಲ್ಲ. ಚೌಕಟ್ಟನ್ನು ಮತ್ತೆ ಮೊದಲಿನ ಆಕಾರಕ್ಕೆ ಎಳೆದು, ಜಗುಲಿಯ ಮೂಲೆಯಲ್ಲಿದ್ದ ಇನ್ನೊಂದು ಬಿದಿರು ಕಡ್ಡಿ ತಂದು, ಎದುರು ಬದುರು ಮೂಲೆಗೆ ಓರೆಯಾಗಿ ಕಟ್ಟಿ ತಳ್ಳಿ ನೋಡಿದರು. ಅಲುಗಲಿಲ್ಲ. ಮೊಮ್ಮಗಳ ಕಡೆ ತಿರುಗಿ, ಹುಳದ ತಟ್ಟೆ ಇಡೋ ಸ್ಟ್ಯಾಂಡಿಗೆ ಓರೆ ಬೊಂಬು ಯಾಕೆ ಕಟ್ತೀವಿ ಹೇಳು ಎಂದರು. ಇಲ್ಲದಿದ್ದರೆ ಓಲಾಡುತ್ತದೆ ಎಂದಳು ಅವಳು.

"ಅಂಗೇ ಹೊಲಾನೂವೆ. ಈ ಓರೆ ಬೊಂಬು ಅಳೆಯೋಗಂಟ ಹೊಲ ನಿಲ್ಲಾಕಿಲ್ಲ, ಓಲಾಡ್ತಾನೇ ಇರ್ತದೆ. ಅಲ್ವಾ ಮೇಷ್ಟ್ರೇ?"

ಅಲ್ಲವಾ ಎಂದು ನನ್ನನ್ನು ಕೇಳುತ್ತಾರೆ! ಕರ್ಣ ಯಾಕೆ ಬೇಕು ಎಂಬುದನ್ನು ಗಣಿತದ ಮೇಷ್ಟ್ರಾದ ನಾನು ಅವತ್ತು ಕಲಿತೆ. ಖುಷಿಗೆ ಕಣ್ಣಲ್ಲಿ ನೀರು ಬಂತು, ಕನ್ನಡಕ ಒರೆಸುವ ನೆಪ ಮಾಡಿದೆ.

ನಗು ಇಳಿದ ಮೇಲೆ ಅವರು ಒಸಿ ಮಂಕಾದರು. ಇಷ್ಟು ವರ್ಷ ಅಳೆದದ್ದೆಲ್ಲ ಸುಳ್ಳಾಯಿತಲ್ಲ, ಊರವರು ಏನೆನ್ನುತ್ತಾರೆ ಎಂದರು. ಹೊಲದ ಮೂಲೆಗಳು ಬಹುಮಟ್ಟಿಗೆ ನೇರ ಇರುತ್ತವೆ, ಅಂಥಲ್ಲಿ ವ್ಯತ್ಯಾಸ ಬರುವುದೇ ಇಲ್ಲವೆಂದು ಹೇಳಿದೆ. ಓರೆ ಇರುವ ಕಡೆ ಮಾತ್ರ ಒಂದಿಷ್ಟು ಹೆಚ್ಚು ಬಂದಿರುತ್ತದೆ, ಯಾವತ್ತೂ ಕಡಿಮೆ ಬಂದಿರುವುದಿಲ್ಲ ಎಂದೂ ಹೇಳಿದೆ. ಗುಂಪಿನಲ್ಲಿದ್ದ ಹಿರಿಯ ಹೆಂಗಸೊಬ್ಬರು, ಹಂಗಾದ್ರೆ ಓರೆ ಹೊಲದಲ್ಲಿ ನಮಗೆ ಯಾವಾಗಲೂ ಒಂದು ಆಳು ಹೆಚ್ಚೇ ಸಿಕ್ಕಿದೆ, ಅದಕ್ಕೇ ಕೆಲಸ ಬೇಗ ಮುಗೀತಿತ್ತು ಎಂದರು. ಮತ್ತೆ ನಗು ಎದ್ದಿತು. ಅಳತೆಯಮ್ಮ ಮಾತ್ರ, ಇನ್ನು ಮೇಲೆ ಓರೆ ಹಗ್ಗ ಹಿಡಿಯದೆ ಒಂದು ಹೊಲವನ್ನೂ ಅಳೆಯುವುದಿಲ್ಲ, ಯಾಕೆಂದು ಕೇಳಿದವರಿಗೆ ನನ್ನ ತಪ್ಪು ನಾನೇ ಹೇಳುತ್ತೇನೆ ಎಂದರು. ನಾನು ಎಲ್ಲರೆದುರೂ ಮೊಮ್ಮಗಳ ಪುಸ್ತಕ ಕೇಳಿ ತೆಗೆದುಕೊಂಡು, ನನ್ನ ಕೆಂಪು ಬರಹದ ಮೇಲೆ ಗೆರೆ ಎಳೆದೆ. ಒಂದನೇ ಕ್ಲಾಸಿನ ಮಾತಿಗೂ ಕ್ಷಮೆ ಕೇಳಿದೆ. ಅವರು ಒಳಗೆ ಹೋಗಿ ಹಲಸಿನ ಹಪ್ಪಳ ಕರಿದುಕೊಂಡು ಬಂದು ಮುಂದಿಟ್ಟರು.

ಸೋಮವಾರ ಬೇಕೆಂದೇ ಅದೇ ಲೆಕ್ಕವನ್ನು ಮತ್ತೆ ಹೋಮ್‌ವರ್ಕಿಗೆ ಕೊಟ್ಟೆ. ಮಂಗಳವಾರ ಪುಸ್ತಕಗಳು ಬಂದವು. ಎಣಿಸದೆ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಮೊದಲನೆಯದರಲ್ಲಿ 138. ಎರಡನೆಯದರಲ್ಲೂ 138, ನಡುವಿನ ಹೆಜ್ಜೆಗಳೂ ಇದ್ದವು. ಒಬ್ಬ ಕರ್ಣ ಎಂದು ಬರೆಯುವ ಕಡೆಯಲ್ಲೆಲ್ಲ ಓರೆ ಬೊಂಬು ಎಂದು ಬರೆದಿದ್ದ, ಅವನಿಗೂ ಪೂರ್ತಿ ಅಂಕ ಕೊಟ್ಟೆ. ಇಪ್ಪತ್ತೆರಡೂ ಮುಗಿದ ಮೇಲೆ ಚೀಲದಲ್ಲಿ ಇನ್ನೊಂದು ಪುಸ್ತಕ ಉಳಿದಿತ್ತು.

ಹೊಸ ಪುಸ್ತಕ. ಪೇಪರ್ ಹೊದಿಕೆ ಹಾಕಿ, ಮೇಲೆ ಚೀಟಿ ಅಂಟಿಸಿತ್ತು. ಅಕ್ಷರ ದುಂಡಗೆ, ಸ್ಲೇಟಿನ ಮೇಲೆ ಬರೆದು ರೂಢಿಯಾದ ಕೈಯದು. ಹೆಸರು: ಅಳತೆಯಮ್ಮ. ತರಗತಿ: ಒಂದು.

ನಾನು ಗಟ್ಟಿಯಾಗಿ ನಕ್ಕೆ, ಮುಂದಿನ ಸೀಟಿನವರು ತಿರುಗಿ ನೋಡಿದರು. ಒಳಗೆ ಹೊಲದ ಚಿತ್ರವಿತ್ತು. ಓರೆ ಗೆರೆಯನ್ನು ಎರಡೆರಡು ಸಲ ತಿದ್ದಿ ದಪ್ಪ ಮಾಡಿದ್ದರು. ಕೆಳಗೆ 84, ಅದರ ಕೆಳಗೆ 54, ಕೊನೆಗೆ 138. ವರ್ಗಮೂಲ ತೆಗೆದ ಕಡೆ ಹತ್ತು ಸಲ ಅಳಿಸಿ ಕಾಗದ ತೆಳುವಾಗಿತ್ತು, ಆದರೆ ಲೆಕ್ಕ ಸರಿಯಿತ್ತು. ಎಲ್ಲಕ್ಕೂ ಕೆಳಗೆ, ನಾನು ಅವರ ಮೊಮ್ಮಗಳನ್ನು ಕೇಳಿದ್ದ ಪ್ರಶ್ನೆಗೆ ಉತ್ತರ ಬರೆದಿದ್ದರು: "ಇದನ್ನು ಹೇಳಿಕೊಟ್ಟ ಪುಣ್ಯಾತ್ಮರು: ನಮ್ಮ ಮೇಷ್ಟ್ರು."

ಚನ್ನಪಟ್ಟಣ ಹತ್ತಿರ ಬಂತು, ಜನ ಇಳಿಯಲು ಬಾಗಿಲ ಕಡೆ ಸರಿದರು. ನಾನು ಕೆಂಪು ಪೆನ್ನು ತೆಗೆದು ಲೆಕ್ಕದ ಪಕ್ಕ ದೊಡ್ಡದಾಗಿ ಸರಿ ಗುರುತು ಹಾಕಿದೆ. ಆಮೇಲೆ ಪುಸ್ತಕ ಮುಚ್ಚಿ, ಚೀಟಿಯ ಮೇಲಿದ್ದ "ಒಂದು" ಎಂಬುದನ್ನು ಅದೇ ಪೆನ್ನಿನಿಂದ ಹೊಡೆದುಹಾಕಿ "ಒಂಬತ್ತು" ಎಂದು ಬರೆದೆ.